ಡ್ರ್ಯಾಗನ್ ಒಂದಿದ್ದರೆ ಸಾಕಾ ಮಾರಾಯ್ರೆ? ಈಚಿನ ಫ್ಯಾಂಟಸಿ, ರೊಮಾನ್ಸ್ ಓದಿದವರು ಬನ್ನಿ

ಕಟಪಾಡಿ_ಓದುಗಿ

ಆಟಿಯ ಮಳೆ ಬಿಡುವ ಲಕ್ಷಣ ಕಾಣ್ತಾ ಇಲ್ಲ. ಎರಡು ತಿಂಗಳಲ್ಲಿ ಓದಿದ್ದನ್ನು ಇಲ್ಲಿ ಹೇಳಿಬಿಡ್ತೇನೆ, ಇಲ್ಲದಿದ್ದರೆ ತಲೆಯೊಳಗೇ ಬೂಸ್ಟು ಹಿಡೀತದೆ. ನಾನು ದಿನಾ ಕಟಪಾಡಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಹೋಗಿ ಬರುವವಳು. ಸೀಟು ಸಿಕ್ಕಿದರೆ ನಲವತ್ತು ಪುಟ, ನಿಂತರೆ ಸೊನ್ನೆ. ಹಾಗಾಗಿ ನನ್ನ ಅಭಿಪ್ರಾಯದಲ್ಲಿ ಸೀಟಿನ ಪಾಲೂ ಉಂಟು ಅಂತ ಇಟ್ಟುಕೊಳ್ಳಿ.

ಮೊದಲು ‘ಫೋರ್ತ್ ವಿಂಗ್’. ಅದರ ಮೇಲೆ ಸಿಟ್ಟೂ ಉಂಟು, ಮೆಚ್ಚುಗೆಯೂ ಉಂಟು. ರೆಬೆಕ್ಕಾ ಯಾರೋಸ್ ಅವರದ್ದು, 2023ರಲ್ಲಿ ಬಂದದ್ದು. ಈ ಸರಣಿಯ ಮೂರನೆಯದು ‘ಓನಿಕ್ಸ್ ಸ್ಟಾರ್ಮ್’ 2025ರ ಜನವರಿಯಲ್ಲಿ ಬಂದಾಗ ಮೊದಲ ವಾರದಲ್ಲೇ 27 ಲಕ್ಷ ಪ್ರತಿ ಖರ್ಚಾಯಿತು. ಕತೆ ಇಷ್ಟು: ಪುಸ್ತಕದ ನಡುವೆ ಬದುಕಬೇಕು ಅಂತಿದ್ದ ವಯಲೆಟ್‌ಳನ್ನು ಸೇನಾಧಿಕಾರಿಯಾದ ಅವಳ ತಾಯಿಯೇ ಡ್ರ್ಯಾಗನ್ ಸವಾರರ ಕಾಲೇಜಿಗೆ ತಳ್ಳುತ್ತಾಳೆ. ಸೇರುವ ದಿನವೇ ಎತ್ತರದ ಸಪೂರ ಕಲ್ಲುಗೋಡೆಯ ಮೇಲೆ ನಡೆದು ಆಚೆ ದಾಟಬೇಕು. ಬಿದ್ದರೆ ಸತ್ತ ಹಾಗೆ. ಸಾಲಿನಲ್ಲಿ ನಿಂತಿದ್ದ ಇನ್ನೊಬ್ಬ ಹುಡುಗಿಯ ಬೂಟಿನ ಅಡಿ ನುಣ್ಣಗಿದೆ ಅಂತ ವಯಲೆಟ್ ಗಮನಿಸುತ್ತಾಳೆ, ಇಬ್ಬರೂ ಒಂದೊಂದು ಬೂಟು ಬದಲಿಸಿಕೊಳ್ಳುತ್ತಾರೆ. ಪಾಚಿ ಹಿಡಿದ ಅಂಗಳದಲ್ಲಿ ಹವಾಯಿ ಚಪ್ಪಲಿ ಹಾಕಿ ಜಾರಿ ಸೊಂಟ ಮುರಿದುಕೊಂಡ ನಮಗೆ ಈ ದೃಶ್ಯ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿಯವರೆಗೆ ನೂರಕ್ಕೆ ನೂರು.

ಆಮೇಲೆ? ಆಮೇಲೆ ಕ್ಸೇಡನ್ ಬಂದ. ಕಪ್ಪು ಕೂದಲು, ಬಿಗಿದ ದವಡೆ, ನೆರಳನ್ನೇ ಆಡಿಸುವ ಶಕ್ತಿ. ಅವನ ದವಡೆಯ ವರ್ಣನೆ ಎಷ್ಟು ಸಲ ಬಂತು ಅಂತ ಸುರತ್ಕಲ್ಲಿನವರೆಗೆ ಲೆಕ್ಕ ಹಾಕಿದೆ, ಮತ್ತೆ ಬಿಟ್ಟೆ. ಒಂದಲ್ಲ, ಎರಡು ಡ್ರ್ಯಾಗನ್ ಅವಳಿಗೇ ಒಲಿದವು. ನನ್ನ ತಕರಾರು ಇಲ್ಲಿ. ಮಾಯೆಗೆ ಬೆಲೆ ಇರಬೇಕು. ಬೂಟು ಕೊಟ್ಟವಳ ಒಂದು ಕಾಲು ಜಾರುತ್ತದೆ, ಅದು ಬೆಲೆ. ಶಕ್ತಿ ಮಾತ್ರ ಆಕಾಶದಿಂದ ಬಂದು ಮಡಿಲಿಗೆ ಬಿದ್ದರೆ ಅದು ಲಾಟರಿ.

ಎಮಿಲಿ ಹೆನ್ರಿಯ ‘ಬೀಚ್ ರೀಡ್’ ಅದಕ್ಕಿಂತ ಹಳೆಯದು, 2020ರದ್ದು. ಬೀಚ್ ಅಂದದ್ದಕ್ಕೆ ಮಲ್ಪೆ ನೆನಪಿಸಿಕೊಂಡು ಶುರು ಮಾಡಿದೆ, ನೋಡಿದರೆ ಅದು ಮಿಶಿಗನ್ ಸರೋವರದ ದಂಡೆ! ಉಪ್ಪಿಲ್ಲ, ಮೀನಿನ ವಾಸನೆ ಇಲ್ಲ. ಆದರೆ ಪುಸ್ತಕ ಲಾಯ್ಕುಂಟು. ಪ್ರೇಮಕತೆ ಬರೆಯುವವಳು ಒಬ್ಬಳು, ಗಂಭೀರ ಕಾದಂಬರಿ ಬರೆಯುವವನು ಒಬ್ಬ, ಅಕ್ಕಪಕ್ಕದ ಮನೆ. ಇಬ್ಬರಿಗೂ ಬರೆಯಲು ಆಗ್ತಾ ಇಲ್ಲ, ಒಂದು ಬೇಸಿಗೆಗೆ ಪರಸ್ಪರರ ಬಗೆಯ ಪುಸ್ತಕ ಬರೆಯುವುದು ಅಂತ ಪಂಥ ಕಟ್ಟುತ್ತಾರೆ. ಕಿಟಕಿಯಿಂದ ಕಿಟಕಿಗೆ ಕಾಗದದಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿಕೊಳ್ಳುವುದುಂಟಲ್ಲ, ಅಲ್ಲಿ ನಾನು ಬಸ್ಸಲ್ಲಿ ಒಬ್ಬಳೇ ನಗ್ತಾ ಇದ್ದೆ. ಪಕ್ಕದ ಅಜ್ಜಿ ಸ್ವಲ್ಪ ಜರುಗಿ ಕೂತರು.

ಆರ್. ಎಫ್. ಕ್ವಾಂಗ್ ಅವರ ‘ಬೇಬಲ್’ ಇನ್ನೂ ತಲೆಯಿಂದ ಇಳಿದಿಲ್ಲ. ಅದನ್ನು ಆಮೇಲೆ ಬರೀತೇನೆ, ಈಗ ಕರೆಂಟು ಹೋಗುವ ಹಾಗಿದೆ.

ಮಣಿಪಾಲ_ಹಾಸ್ಟೆಲ್

ಅಕ್ಕಾ, ನಮ್ಮ ಕ್ಸೇಡನ್ ಸುದ್ದಿಗೆ ಮಾತ್ರ ಬರಬೇಡಿ.

ತಮಾಷೆಗೆ ಹೇಳಿದ್ದು. ಆದರೆ ಒಂದು ವಿಷಯ. ನಾನು ‘ಫೋರ್ತ್ ವಿಂಗ್’ ಓದಿದ್ದು ಇಂಟರ್ನಲ್ಸ್ ಮುಗಿದ ದಿನ, ರಾತ್ರಿ ಹತ್ತಕ್ಕೆ ಶುರು ಮಾಡಿ ಬೆಳಿಗ್ಗೆ ಮೆಸ್ಸಲ್ಲಿ ಇಡ್ಲಿ ಖಾಲಿಯಾಗುವವರೆಗೆ. ಅಷ್ಟು ಹೊತ್ತು ಮಾರ್ಕ್ಸ್ ನೆನಪಾಗಲಿಲ್ಲ. ನೀವು ಮಾಯೆಯ ಬೆಲೆ ಕೇಳ್ತೀರಿ, ನಾನು ಅವತ್ತು ಕೇಳಿದ್ದು ನಿದ್ದೆಗೆಟ್ಟು ಓದುವ ಹಾಗಿನ ಕತೆ. ಕಾಫಿ ಸಿಕ್ಕಿತು, ಕುಡಿದೆ, ಇದರಲ್ಲಿ ಕಬ್ಬಿಣಾಂಶ ಎಷ್ಟುಂಟು ಅಂತ ಕೇಳಲಿಕ್ಕುಂಟಾ?

ಈ ಬಗೆಯ ಪುಸ್ತಕ ಗಡ್‌ಬಡ್ ಇದ್ದ ಹಾಗೆ. ಐಸ್‌ಕ್ರೀಮ್, ಜೆಲ್ಲಿ, ಹಣ್ಣು, ಗೋಡಂಬಿ ಎಲ್ಲ ಒಂದೇ ಗ್ಲಾಸಿಗೆ. ಉಡುಪಿಯವರಾಗಿ ನೀವು ಗಡ್‌ಬಡ್‌ಗೆ ತಕರಾರು ತೆಗೆಯುವುದಾ?

ಬಿಜೈ_ಬೆಕ್ಕು

ಇಬ್ಬರೂ ಜೀನನ್ನು, ಡ್ರ್ಯಾಗನ್ ಬೆನ್ನಿಗೆ ಕಟ್ಟುವ ಆ ತಡಿಯನ್ನು, ಮರೆತಿದ್ದೀರಿ.

ವಯಲೆಟ್‌ಳ ಕೀಲುಗಳು ಸುಲಭದಲ್ಲಿ ಜಾರುತ್ತವೆ, ಎಲುಬು ಬೇಗ ಮುರಿಯುತ್ತದೆ. ಯಾರೋಸ್ ಅವರಿಗೂ ಎಹ್ಲರ್ಸ್-ಡ್ಯಾನ್ಲೋಸ್ ಎಂಬ ಅದೇ ಬಗೆಯ ತೊಂದರೆ ಉಂಟು, ಅವರೇ ಹೇಳಿಕೊಂಡಿದ್ದಾರೆ. ಡ್ರ್ಯಾಗನ್ ಬೆನ್ನ ಮೇಲೆ ಉಳಿದವರೆಲ್ಲ ತೊಡೆಯ ಬಲದಲ್ಲಿ ಕೂರುತ್ತಾರೆ, ಇವಳಿಗೆ ಆಗುವುದಿಲ್ಲ, ಬೀಳುತ್ತಾಳೆ. ಆಗ ನಿಮ್ಮ ದವಡೆ ಮಹಾಶಯ ಹೂವು ತರುವುದಿಲ್ಲ, ಜೀನು ಮಾಡಿಸಿ ತರುತ್ತಾನೆ.

ನನ್ನ ತಂಗಿಗೆ ಇಂಥದ್ದೇ ಕೀಲಿನ ಸಮಸ್ಯೆ. ಕಾಲೇಜಿಗೆ ಹೋಗುವಾಗ ಸಿಟಿ ಬಸ್ಸಲ್ಲಿ ಮೇಲಿನ ಕಂಬಿ ಹಿಡಿದರೆ ಭುಜ ಜಾರುತ್ತಿತ್ತು. ‘ಗಟ್ಟಿ ಹಿಡ್ಕೊ, ಎಂತ ಆಗುದಿಲ್ಲ’ ಅಂತ ಹೇಳಿದವರು ನೂರು ಜನ. ಒಂದು ದಿನ ನಮ್ಮ ರೂಟಿನ ಕಂಡಕ್ಟರಣ್ಣ ಏನೂ ಕೇಳದೆ ಬಾಗಿಲ ಪಕ್ಕದ ಸೀಟು ಖಾಲಿ ಮಾಡಿಸಿದ್ರು. ಅಲ್ಲಿಂದ ಮತ್ತೆ ದಿನಾ ಹಾಗೇ. ತಂಗಿ ಆ ಅಧ್ಯಾಯ ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದಳು. ನೀವು ಬೆಲೆ ಇಲ್ಲ ಅಂದಿರಿ. ಆ ಹುಡುಗಿ ಮೊದಲ ಪುಟದಿಂದಲೂ ನೋವಿನಲ್ಲೇ ಬೆಲೆ ಕೊಡ್ತಾ ಇದ್ದಾಳೆ ಅಕ್ಕ.

ಕಟಪಾಡಿ_ಓದುಗಿ

ಸೋತೆ. ಜೀನಿನ ಪುಟ ನಾನು ಬಹುಶಃ ಮೂಲ್ಕಿಯ ಹತ್ತಿರ ನಿಂತುಕೊಂಡು ಓದಿದ್ದು, ಕಣ್ಣು ಮಾತ್ರ ಹೋಗಿದೆ.

ಎರಡು ಡ್ರ್ಯಾಗನ್ ವಿಷಯದಲ್ಲಿ ಮಾತ್ರ ನಾನು ಹಿಂದೆ ಸರಿಯುವವಳಲ್ಲ.

ಹಳೆಪುಸ್ತಕ

ನಾನು ಬ್ಯಾಂಕಿನಿಂದ ನಿವೃತ್ತನಾದವ, ನಿಮ್ಮ ಡ್ರ್ಯಾಗನ್ ಓದಿಲ್ಲ. ಆದರೆ ‘ಬೇಬಲ್’ ಎರಡು ಸಲ ಓದಿದ್ದೇನೆ. ಮಗಳು ತಂದಿಟ್ಟದ್ದು.

ಗೊತ್ತಿಲ್ಲದವರಿಗೆ ಹೇಳ್ತೇನೆ: 1830ರ ದಶಕದ ಆಕ್ಸ್‌ಫರ್ಡ್. ಬೆಳ್ಳಿಯ ಗಟ್ಟಿಯ ಒಂದು ಬದಿಗೆ ಒಂದು ಭಾಷೆಯ ಶಬ್ದ, ಇನ್ನೊಂದು ಬದಿಗೆ ಇನ್ನೊಂದು ಭಾಷೆಯಲ್ಲಿ ಅದಕ್ಕೆ ಹತ್ತಿರದ ಶಬ್ದ ಕೆತ್ತುತ್ತಾರೆ. ಅನುವಾದದಲ್ಲಿ ಯಾವ ಅರ್ಥ ಸೋರಿಹೋಗುತ್ತದೋ ಅದನ್ನು ಬೆಳ್ಳಿ ಹಿಡಿದು ಶಕ್ತಿಯಾಗಿ ಮಾಡುತ್ತದೆ. ಎರಡೂ ಭಾಷೆ ಕನಸಿನಲ್ಲಿ ಬರುವಷ್ಟು ಗೊತ್ತಿದ್ದವರಿಗೆ ಮಾತ್ರ ಅದು ಕೆಲಸ ಮಾಡುತ್ತದೆ. ಅದಕ್ಕೇ ಕ್ಯಾಂಟನ್ನಿನ ರಾಬಿನ್, ಕಲ್ಕತ್ತೆಯ ರಮಿ ಮೊದಲಾದ ಮಕ್ಕಳನ್ನು ತಂದು ಸಾಕುತ್ತಾರೆ. ಸಾಮ್ರಾಜ್ಯದ ಹಡಗು ಓಡುವುದು ಅವರ ಮಾತೃಭಾಷೆಯಿಂದ. ಓದುಗಿಯವರೇ, ಬೆಲೆ ಬೇಕು ಅಂದ್ರಲ್ಲ, ಇಲ್ಲಿ ಲೆಕ್ಕ ಚುಕ್ತಾ ಆಗುತ್ತದೆ.

ನನ್ನನ್ನು ಹಿಡಿದದ್ದು ಬೇರೆ. ಕಾದಂಬರಿಯ ಆ ಹುಡುಗರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ದಶಕದಲ್ಲೇ, 1837ರಲ್ಲಿ, ನಮ್ಮ ರೈತರು ಮಂಗಳೂರಿಗೆ ನುಗ್ಗಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸಿ ಹದಿಮೂರು ದಿನ ಊರನ್ನು ಹಿಡಿದಿಟ್ಟುಕೊಂಡಿದ್ದರು. ಅಜ್ಜಂದಿರು ಅದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಅಂತ ಹೇಳ್ತಿದ್ದರು, ಏನೋ ದರೋಡೆ ಆದ ಹಾಗೆ. ಅದರಾಚೆ ಆರು ವರ್ಷಕ್ಕೆ, 1843ರಲ್ಲಿ, ಇದೇ ಊರಿನಿಂದ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ತಂದರು, ಕನ್ನಡದ ಮೊದಲ ಪತ್ರಿಕೆ. 1894ರಲ್ಲಿ ಕಿಟ್ಟೆಲ್ ನಿಘಂಟು ಅಚ್ಚಾದದ್ದೂ ಇಲ್ಲೇ ಬಾಸೆಲ್ ಮಿಶನ್ ಪ್ರೆಸ್ಸಲ್ಲಿ. ಶಬ್ದ ಕೂಡಿಸುವವರು, ಬಾವುಟ ಹಾರಿಸುವವರು ಎಲ್ಲ ಒಂದೇ ಗುಡ್ಡೆಯ ಆಸುಪಾಸು. ಆಕ್ಸ್‌ಫರ್ಡಿನ ಗೋಪುರವನ್ನು ನಾನು ಬಲ್ಮಠದ ಏರಿನಲ್ಲಿ ಇಟ್ಟುಕೊಂಡೇ ಓದಿದ್ದು.

ದೋಷ ಇಲ್ಲ ಅಂತಲ್ಲ. ಪಾತ್ರಗಳು ಒಮ್ಮೊಮ್ಮೆ ಮಾತಾಡುವುದು ಬಿಟ್ಟು ಭಾಷಣ ಬಿಗಿಯುತ್ತವೆ. ಅಡಿಟಿಪ್ಪಣಿ ಬೇರೆ. ಕಾದಂಬರಿಗೆ ಅಡಿಟಿಪ್ಪಣಿ ಹಾಕಿದ್ದು ನೋಡಿ ಮೊದಲು ಗಾಬರಿಯಾಯಿತು, ಕಡೆಗೆ ಅವುಗಳನ್ನೇ ಮೊದಲು ಓದತೊಡಗಿದೆ.

ಹೊಸಬ_ಸುರತ್ಕಲ್

ಯಾರ ಹತ್ರ ಆದ್ರೂ ಬೇಬಲ್ ಪಿಡಿಎಫ್ ಉಂಟಾ? ಪ್ಲೀಸ್.

ಬಿಜೈ_ಬೆಕ್ಕು

ಇಲ್ಲ. ನನ್ನ ಪ್ರತಿ ಕೊಡ್ತೇನೆ, ಹದಿನೈದು ದಿನದಲ್ಲಿ ವಾಪಸ್ ಬರಬೇಕು, ಪುಟದ ಕಿವಿ ಮಡಚಿದರೆ ಜಗಳ.

ತೆಂಕುತಿಟ್ಟು

ಮಾಯೆಗೆ ಬೆಲೆ, ಮಾಯೆಗೆ ನಿಯಮ ಅಂತ ಇಷ್ಟು ಮಾತಾಡ್ತೀರಿ. ಯಕ್ಷಗಾನ ಮೇಳದ ಆಟ ನೋಡಿಲ್ವಾ ಯಾರೂ?

ವರ, ಶಾಪ, ಉಶ್ಶಾಪ. ಇದಕ್ಕಿಂತ ಕಟ್ಟುನಿಟ್ಟಿನ ನಿಯಮ ಯಾವ ಇಂಗ್ಲಿಷ್ ಕಾದಂಬರಿಯಲ್ಲಿ ಉಂಟು ತೋರಿಸಿ. ಅಸುರ ತಪಸ್ಸು ಮಾಡ್ತಾನೆ, ಬೆಲೆ ಕೊಟ್ಟಾಯ್ತು. ವರ ಸಿಗ್ತದೆ. ಆ ವರದಲ್ಲೇ ಒಂದು ತೂತು ಉಳಿದಿರ್ತದೆ, ಹೆಂಗಸಿನಿಂದ ಎಂತ ಆಗ್ತದೆ ಅಂತ ಮಹಿಷ ತಾತ್ಸಾರ ಮಾಡಿದ ಹಾಗೆ. ಇಡೀ ರಾತ್ರಿಯ ಕತೆ ಆ ತೂತಿನ ಸುತ್ತ. ದೇವಿ ಮಹಾತ್ಮೆಯಲ್ಲಿ ಮಹಿಷಾಸುರ ವೇಷ ಕಟ್ಟುವ ಚೌಕಿಯಿಂದ ನೆಟ್ಟಗೆ ಬರುವುದಿಲ್ಲ, ಜನರ ಹಿಂದಿನಿಂದ ದೊಂದಿ ಹಿಡಿಸಿಕೊಂಡು ರಾಳದ ಬೆಂಕಿ ಹಾರಿಸುತ್ತ ಬರ್ತಾನೆ. ನಾನು ಐದನೇ ಕ್ಲಾಸಲ್ಲಿ ಚಾಪೆ ಸಮೇತ ಓಡಿದ್ದೆ. ರಂಗಸ್ಥಳದಲ್ಲಿ ಇರುವುದು ಒಂದು ಪೀಠ. ಸಿಂಹಾಸನವೂ ಅದೇ, ರಥವೂ ಅದೇ. ನಿಮ್ಮ ಪುಸ್ತಕಗಳಲ್ಲಿ ಮೊದಲ ಪುಟಕ್ಕೇ ಭೂಪಟ ಅಂಟಿಸ್ತಾರಲ್ಲ, ಅದು ಕತೆ ಹೇಳುವವನಿಗೆ ಧೈರ್ಯ ಸಾಲದೆ.

ಮಣಿಪಾಲ_ಹಾಸ್ಟೆಲ್

ಭೂಪಟದ ಮೇಲೆ ಕೈ ಹಾಕಬೇಡಿ ಸರ್! ನಾನು ಪುಸ್ತಕ ಆರಿಸುವುದೇ ಭೂಪಟ ನೋಡಿ.

ಉಶ್ಶಾಪ ಅನ್ನುವ ಶಬ್ದ ಮಾತ್ರ ನನಗೆ ಬೇಕು. ನಾವು ಹಾಸ್ಟೆಲಲ್ಲಿ ‘ಫೇಟೆಡ್ ಮೇಟ್ಸ್’, ‘ಎನಿಮೀಸ್ ಟು ಲವರ್ಸ್’ ಅಂತೆಲ್ಲ ಇಂಗ್ಲಿಷಲ್ಲೇ ಹೇಳುವುದು. ಕನ್ನಡದಲ್ಲಿ ಎಂತ ಹೇಳ್ಬಹುದು?

ಹಳೆಪುಸ್ತಕ

ಮೊದಲನೆಯದು ಋಣಾನುಬಂಧ. ಎರಡನೆಯದಕ್ಕೆ ಶಬ್ದ ಯಾಕೆ, ನಮ್ಮಲ್ಲಿ ಸೋದರತ್ತೆ ಮಗನ ಜೊತೆ ಮದುವೆ ಅಂದರೆ ಅದೇ ಅಲ್ಲವೇ.

ಬಿಜೈ_ಬೆಕ್ಕು

ಅಯ್ಯೋ ಸರ್!

ತೆಂಕುತಿಟ್ಟು ಅವರು ಹೇಳಿದ ದಾರಿಯಲ್ಲೇ ಒಂದು ಮಾತು. ಈಗಿನ ರೊಮಾನ್ಸ್‌ಗಳಲ್ಲಿ ‘ಗಟ್ಟಿ ನಾಯಕಿ’ ಅಂತ ಹೊಸದಾಗಿ ಕಂಡುಹಿಡಿದ ಹಾಗೆ ಬೀಗುತ್ತಾರಲ್ಲ, ನನಗೆ ಪ್ರತಿ ಸಲ ನಮ್ಮ ತುಳು ಪಾಡ್ದನದ ಸಿರಿ ನೆನಪಾಗುತ್ತಾಳೆ. ಬಸುರಿಯ ಬಯಕೆ ಶಾಸ್ತ್ರಕ್ಕೆ ಅಂತ ಗಂಡ ತಂದ ಸೀರೆಯನ್ನು ಸೂಳೆ ಮೊದಲು ಉಟ್ಟಿದ್ದಾಳೆ ಅಂತ ಗೊತ್ತಾದಾಗ ಆ ಸೀರೆ ಬೇಡ ಅಂತ ಎಲ್ಲರ ಎದುರು ಹೇಳುತ್ತಾಳೆ. ಗಂಡನನ್ನು ಬಿಟ್ಟು ಹೊರಡುತ್ತಾಳೆ, ಮುಂದೆ ಇನ್ನೊಂದು ಮದುವೆಯೂ ಆಗುತ್ತಾಳೆ. ಗೋಪಾಲ ನಾಯ್ಕರು ಹಾಡಿದ ಪಾಠವನ್ನು ಫಿನ್ಲೆಂಡಿನ ಲೌರಿ ಹಾಂಕೊ ತಂಡ ದಾಖಲಿಸಿದಾಗ 15,683 ಸಾಲು ಆಯಿತು. ಸೀರೆ ಒಂದನ್ನು ಹಿಡಿದು ಅಷ್ಟು ದೂರ ಹೋಗುವ ಕತೆ. ನೆರಳು ಬೇಡ, ದವಡೆ ಬೇಡ.

ಪಡುಬಿದ್ರಿ_೭೨

ಕ್ಷಮಿಸಿ, ಇದನ್ನು ಒಪ್ಪಲಾಗುವುದಿಲ್ಲ. ಸಿರಿ ನಮಗೆ ಕತೆಯ ನಾಯಕಿ ಅಲ್ಲ. ನಮ್ಮ ಅಮ್ಮ ಸಿರಿ ಜಾತ್ರೆಗೆ ಹೋಗಿ ಅಡಿಕೆಯ ಹಿಂಗಾರ ಹಿಡಿದು ನಿಂತವರು. ಆ ರಾತ್ರಿ ಅವರ ಮುಖ ನೋಡಿದವನು ನಾನು. ಡ್ರ್ಯಾಗನ್ ಪುಸ್ತಕದ ಸಾಲಿನಲ್ಲಿ ಇಟ್ಟು ಮಾತಾಡಬೇಡಿ. ಫ್ಯಾಂಟಸಿ ಅಂದರೆ ನಂಬಬೇಕಾಗಿಲ್ಲ ಅಂತ ಬರೆದವರಿಗೂ ಓದಿದವರಿಗೂ ಗೊತ್ತಿರುವ ವಿಷಯ. ಇದು ಹಾಗಲ್ಲ.

ಬಿಜೈ_ಬೆಕ್ಕು

ನಿಮ್ಮ ಮಾತು ಸರಿ. ಸಾಲಿನಲ್ಲಿ ಇಟ್ಟದ್ದು ನನ್ನ ತಪ್ಪು, ತಗ್ಗಿಸಿ ಹೇಳುವ ಉದ್ದೇಶ ಇರಲಿಲ್ಲ. ಸಿರಿಯ ಸಂಧಿ, ಅಂದರೆ ಆ ಹಾಡು, ಹೇಳುವಾಗ ನನ್ನ ಅಜ್ಜಿಯೂ ಎದ್ದು ಕೂತು ಕೇಳುತ್ತಿದ್ದರು, ಮಲಗಿ ಕೇಳುವ ಕ್ರಮ ಇರಲಿಲ್ಲ.

ಪಡುಬಿದ್ರಿ_೭೨

ಅಷ್ಟು ಹೇಳಿದರೆ ಸಾಕು. ಸೀರೆಯ ವಿಷಯ ನೀವು ಹೇಳಿದ್ದು ಹೌದು.

ಕಟಪಾಡಿ_ಓದುಗಿ

ಕರೆಂಟು ಬಂತು. ಎರಡು ದಿನಕ್ಕೆ.

‘ಬೇಬಲ್’ ಬಗ್ಗೆ ಹಳೆಪುಸ್ತಕ ಸರ್ ಹೇಳಿದ ಮೇಲೆ ನನಗೆ ಹೇಳಲು ಉಳಿದದ್ದು ಒಂದು ಆಟ. ನಾವು ತುಳು, ಕನ್ನಡ ಎರಡರಲ್ಲೂ ಕನಸು ಕಾಣುವವರು, ಮನೆಯಲ್ಲಿ ಒಂದು, ಆಫೀಸಲ್ಲಿ ಒಂದು. ಬೆಳ್ಳಿಗಟ್ಟಿ ಸಿಕ್ಕಿದರೆ ಯಾವ ಜೋಡಿ ಕೆತ್ತುತ್ತೀರಿ? ನನ್ನದು ಒಡಲು ಮತ್ತು ಉಡಲ್. ಕನ್ನಡದಲ್ಲಿ ಒಡಲು ಅಂದರೆ ಮೈ, ಹೊಟ್ಟೆ. ತುಳುವಿನಲ್ಲಿ ‘ಉಡಲ್ ದಿಂಜಿ ಸೊಲ್ಮೆಲು’ (ತುಂಬುಮನಸ್ಸಿನ ವಂದನೆ) ಅನ್ನುವಾಗ ಅದು ಮನಸ್ಸೇ ಆಗಿಬಿಡುತ್ತದೆ. ಹೊಟ್ಟೆಯಿಂದ ಮನಸ್ಸಿಗೆ ಹೋಗುವ ದಾರಿಯಲ್ಲಿ ಏನು ಸೋರುತ್ತದೋ ಅದು ಬೆಳ್ಳಿಗೆ. ಅಂಥ ಗಟ್ಟಿ ಒಂದು ಮನೆಯಲ್ಲಿದ್ದರೆ ಯಾರು ಬಂದರೂ ಉಂಡೇ ಹೋಗಬೇಕು, ಉಂಡವರಿಗೆ ಜಗಳ ಆಡಲಿಕ್ಕೆ ಆಗಬಾರದು.

ಕುಂದಾಪ್ರದವ

ಹ್ವಾಯ್, ನಮ್ಮನ್ನ್ ಬಿಟ್ಟ್ರ್ಯಾ? ಆಟಕ್ಕೆ ನಾನೂ ಬಪ್ಪುದೇ.

ಬಾಲೆ. ಕನ್ನಡದಲ್ಲಿ ಹರೆಯದ ಹುಡುಗಿ, ತುಳುವಿನಲ್ಲಿ ಮಗು. ಆ ಗಟ್ಟಿ ಹಿಡಿದವರಿಗೆ ವಯಸ್ಸು ಇಳೀತದೆ. ನಂಗೊಂದ್ ಮೊಣಕಾಲಿಗೆ ಕಟ್ಟುಕೆ ಬೇಕಿತ್ತ್.

ತೆಂಕುತಿಟ್ಟು

ಮರುಳು ಮತ್ತು ಮರ್ಲ್. ಕನ್ನಡದ ಮರುಳಿನಲ್ಲಿ ಮೋಹ ಉಂಟು, ತುಳುವಿನ ಮರ್ಲ್ ಅಂದರೆ ಚೊಕ್ಕ ಹುಚ್ಚು. ನಿಮ್ಮ ರೊಮಾನ್ಸ್ ಕಾದಂಬರಿಗಳೆಲ್ಲ ಅವೆರಡರ ನಡುವೆಯೇ ನಡೆಯುವುದಲ್ವಾ? ಒಂದೂ ಓದದೆ ಹೇಳ್ತಾ ಇದ್ದೇನೆ.

ಮಣಿಪಾಲ_ಹಾಸ್ಟೆಲ್

ಇದು ಚಂದ ಆಯ್ತು. ಇದನ್ನು ನೋಟ್ಸ್ ಮಾಡಿಕೊಂಡೆ.

ಇಲ್ಲಿಯವರಿಗೆ ಹಿಡಿಸಬಹುದಾದ ಎರಡು ಹೇಳ್ತೇನೆ. ತಾಶಾ ಸೂರಿಯ ‘ದ ಜಾಸ್ಮಿನ್ ಥ್ರೋನ್’, 2021ರದ್ದು, 2022ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಬಂದಿದೆ. ನಾಯಕಿಯರಿಬ್ಬರು ಪ್ರಿಯಾ, ಮಾಲಿನಿ. ನಮ್ಮ ಕ್ಲಾಸಿನ ಹಾಜರಿ ಪುಸ್ತಕದ ಹೆಸರುಗಳು! ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸುತ್ತಾರೆ, ಒಬ್ಬರನ್ನೊಬ್ಬರು ಬಳಸಿಕೊಳ್ಳುತ್ತಾರೆ ಕೂಡ, ಯಾವುದು ಎಷ್ಟು ಅಂತ ಕೊನೆಯವರೆಗೆ ಗೊತ್ತಾಗುವುದಿಲ್ಲ. ಮನುಷ್ಯರ ಮೈಯಲ್ಲೇ ಗಿಡ ಚಿಗುರುವ ಒಂದು ರೋಗ ಉಂಟು ಅದರಲ್ಲಿ. ಓದುಗಿ ಅಕ್ಕ, ನೀವು ಶಂಕರಪುರದ ಮಲ್ಲಿಗೆ ಗಿಡಗಳ ನಡುವೆ ಇರುವವರು, ರಾತ್ರಿ ಓದಬೇಡಿ.

ಇನ್ನೊಂದು ಟ್ರಾವಿಸ್ ಬಾಲ್ಡ್ರೀಯ ‘ಲೆಜೆಂಡ್ಸ್ ಅಂಡ್ ಲಾಟೇಸ್’, 2022. ಕತ್ತಿ ಹಿಡಿದು ಸುಸ್ತಾದ ರಾಕ್ಷಸಿಯಂಥವಳು ಒಬ್ಬಳು, ಕಾಫಿ ಅಂದರೆ ಎಂತ ಅಂತಲೇ ಗೊತ್ತಿಲ್ಲದ ಊರಲ್ಲಿ ಕಾಫಿ ಅಂಗಡಿ ಹಾಕುತ್ತಾಳೆ. ಯುದ್ಧ ಇಲ್ಲ. ಬಡಗಿ ಬರ್ತಾನೆ, ಬೆಂಚು ಮಾಡ್ತಾನೆ. ಮೊದಲ ದಿನ ಗಿರಾಕಿಯೇ ಇಲ್ಲ. ದಾಲ್ಚಿನ್ನಿ ಹಾಕಿ ರೊಟ್ಟಿ ಸುಡುವ ಇಲಿಯೊಂದು ಬಂದ ಮೇಲೆ ಜನ ಸಾಲು ನಿಲ್ಲುತ್ತಾರೆ.

ಹಳೆಪುಸ್ತಕ

ಕಾಫಿ ಗೊತ್ತಿಲ್ಲದ ಊರು! ಬಾಬಾ ಬುಡನ್ ಏಳು ಬೀಜ ತಂದ ಕತೆ ಕೇಳಿ ಬೆಳೆದವರಿಗೆ, ಘಟ್ಟದ ಕಾಫಿ ಮೂಟೆಗಳನ್ನು ಹಡಗಿಗೆ ಹತ್ತಿಸುವ ಊರಿನವರಿಗೆ ಅದನ್ನು ನಂಬುವುದು ಡ್ರ್ಯಾಗನ್‌ಗಿಂತ ಕಷ್ಟ. ತರಿಸಿಕೊಳ್ಳುತ್ತೇನೆ.

ಹಿಂದೆ ಆಗಿದ್ದರೆ ಸಂಜೆ ಅತ್ರಿ ಬುಕ್ ಸೆಂಟರಿಗೆ ಹೋಗಿ ನಿಂತು ಹತ್ತು ಪುಟ ಓದಿ ನಿರ್ಧರಿಸುತ್ತಿದ್ದೆ. 2012ರಲ್ಲಿ ಅದು ಮುಚ್ಚಿದ ಮೇಲೆ ಆ ಅಭ್ಯಾಸ ತಪ್ಪಿತು. ಅದಕ್ಕೂ ಹಿಂದಿನದು ಬಾಡಿಗೆ ಲೈಬ್ರರಿ. ಅಲ್ಲಿನ ಕಾದಂಬರಿಗಳ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ಪೆನ್ಸಿಲಲ್ಲಿ ‘ಕೊನೆಗೆ ಇವಳು ಸಾಯುತ್ತಾಳೆ’ ಅಂತ ಬರೆದಿಡುತ್ತಿದ್ದರು. ನನ್ನ ಹೆಂಡತಿ ಅದನ್ನು ಓದಿಯೂ ಮುನ್ನೂರು ಪುಟ ಅಳುತ್ತಿದ್ದಳು.

ಕಟಪಾಡಿ_ಓದುಗಿ

ಹನ್ನೆರಡು ದಿನ ಆಯ್ತು ಈ ಕಡೆ ಬಾರದೆ. ಒಂದು ಸುದ್ದಿ ಹೇಳಲಿಕ್ಕುಂಟು.

‘ಫೋರ್ತ್ ವಿಂಗ್’ ಕಿಂಡಲಲ್ಲಿ ಓದಿದ್ದು ಸಾಲದು ಅಂತ ಜೀನಿನ ಅಧ್ಯಾಯಕ್ಕಾಗಿ ಅಂಚಿಗೆ ಬಣ್ಣ ಬಳಿದ ಪ್ರತಿ ತರಿಸಿದೆ. ತಂದವರು ಗೇಟಿನ ಮೇಲೆ ಇಟ್ಟು ಹೋಗಿದ್ದಾರೆ. ಸುರಿಯುವ ಮಳೆಯಲ್ಲಿ. ನಾನು ಸಂಜೆ ಬರುವಾಗ ಅಂಚಿನ ಕಪ್ಪು ಇಳಿದು ಮೊದಲ ಅರುವತ್ತು ಪುಟ ಸೋಗೆಯ ಮಾಡಿನ ನೀರು ಬಿದ್ದ ಗೋಡೆಯ ಹಾಗಿತ್ತು. ಫೋನ್ ಮಾಡಿದರೆ ‘ತಲುಪಿದೆ ಅಂತ ತೋರಿಸ್ತಾ ಉಂಟು ಮೇಡಂ’ ಅಂತ. ತಲುಪಿದ್ದು ಹೌದು.

ಅಮ್ಮ ನೋಡಿ, ಬೈಯಲಿಲ್ಲ. ಎರಡೆರಡು ಪುಟದ ಮಧ್ಯೆ ಪೇಪರ್ ತುಂಡು ಇಟ್ಟು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ತೆಂಗಿನಕಾಯಿ ಒಣಗಿಸುವ ಜಾಗದಲ್ಲಿ ಇಟ್ಟರು. ಪುಸ್ತಕ ಒಣಗಿಸುವುದು ಅಮ್ಮನಿಗೆ ಹೊಸದಲ್ಲ. ತರಂಗದಲ್ಲಿ ಬರುತ್ತಿದ್ದ ಧಾರಾವಾಹಿಗಳನ್ನು ವಾರ ವಾರ ಕತ್ತರಿಸಿ, ಗೋಣಿ ಹೊಲಿಯುವ ಸೂಜಿಯಲ್ಲಿ ಹೊಲಿದು, ಮೈದಾ ಅಂಟಿನಲ್ಲಿ ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ನಡುವೆ ಒಂದು ವಾರದ ಸಂಚಿಕೆ ತಪ್ಪಿದ್ದರೆ ಅಲ್ಲಿ ಒಂದು ಖಾಲಿ ಹಾಳೆ. ‘ಇಲ್ಲಿ ಅವರಿಬ್ಬರು ಮಾತಾಡಿರಬೇಕು’ ಅಂತ ಅಮ್ಮನ ಅಕ್ಷರ ಇರುತ್ತಿತ್ತು.

ಅಟ್ಟದಿಂದ ಇಳಿಸಿದ ಮೇಲೆ ಪುಸ್ತಕ ಎರಡರಷ್ಟು ದಪ್ಪ, ಹೊಗೆಯ ವಾಸನೆ. ಇದರಲ್ಲಿ ಎಂತ ಕತೆ ಅಂತ ಕೇಳಿದರು. ಪತ್ರೊಡೆಗೆ ಕೆಸುವಿನೆಲೆಯ ದಂಟಿನ ನಾರು ತೆಗೆಯುತ್ತ ಕೂತಿದ್ದೆವು, ತುಳುವಿನಲ್ಲಿ ಹೇಳುತ್ತ ಹೋದೆ. ಡ್ರ್ಯಾಗನ್‌ಗೆ ಶಬ್ದ ಸಿಗದೆ ಮೊದಲು ‘ರೆಕ್ಕೆ ಇರುವ ಸರ್ಪ’ ಅಂದೆ. ಸರ್ಪ ಅಂದಕೂಡಲೇ ಅಮ್ಮ ಕೈ ಮುಗಿದರು, ಹಾಗಾಗಿ ಬದಲಿಸಬೇಕಾಯ್ತು. ದವಡೆ ಮಹಾಶಯನನ್ನು ನಾನು ಅರ್ಧಕ್ಕರ್ಧ ಕತ್ತರಿಸಿದೆ. ಅಮ್ಮ ಹಿಟ್ಟು ಸವರುತ್ತ, ‘ಆ ಹುಡುಗ ನೋಡಲಿಕ್ಕೆ ಹೇಗಿದ್ದಾನೆ, ಅದು ಹೇಳಲೇ ಇಲ್ಲ’ ಅಂದರು. ಮಣಿಪಾಲದ ತಂಗೀ, ನೀನು ಗೆದ್ದೆ.

ಜೀನಿನ ಜಾಗ ಬಂದಾಗ ಏನೂ ಹೇಳಲಿಲ್ಲ. ಎಲೆಯ ಮೇಲೆ ಎಲೆ ಇಟ್ಟು ಸುತ್ತಿ ಅಟ್ಟಿನಳಗೆಯಲ್ಲಿಟ್ಟು ಕೈ ತೊಳೆದು ಬಂದು, ‘ಅಷ್ಟು ಸಪೂರ ಹುಡುಗಿ, ತಾಯಿ ಅಂತ ಒಬ್ಬಳು ಉಂಟಲ್ಲ, ಒಂದು ದಿನವಾದರೂ ಕೂರಿಸಿ ಊಟ ಹಾಕಿದ್ದಾಳಾ?’ ಅಂತ ಕೇಳಿದರು. ನಾನು ಇಡೀ ಪುಸ್ತಕ ನೆನಪು ಮಾಡಿಕೊಂಡೆ. ನನಗೆ ಒಂದು ಊಟವೂ ನೆನಪಾಗಲಿಲ್ಲ.

ಮೂರು ಸಂಜೆಯಲ್ಲಿ ಮೊದಲನೆಯದು ಮುಗಿಯಿತು. ಮೂರು ಪುಸ್ತಕ ಬಂದಿದೆ, ಒಟ್ಟು ಐದು ಅಂತೆ, ಉಳಿದದ್ದು ಅವರು ಬರೆದು ಆಗಬೇಕಷ್ಟೆ ಅಂದೆ. ‘ತರಂಗದಲ್ಲಾದರೆ ವಾರಕ್ಕೊಮ್ಮೆ ಬರುತ್ತಿತ್ತು’ ಅಂದರು ಅಮ್ಮ.

ಬಿಜೈ_ಬೆಕ್ಕು

ಎರಡನೆಯದು ‘ಐರನ್ ಫ್ಲೇಮ್’ ನನ್ನ ಹತ್ತಿರ ಉಂಟು ಅಕ್ಕ. ನಾಳೆ ಸಂಜೆ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಲ್ಲಿ ಉಡುಪಿ ಬಸ್ಸು ನಿಲ್ಲುವಲ್ಲಿ ಕೊಡ್ತೇನೆ. ಎರಡು ಪ್ಲಾಸ್ಟಿಕ್ ಸುತ್ತಿ.

ಹೊಸಬ_ಸುರತ್ಕಲ್

ನನ್ನ ‘ಬೇಬಲ್’?

ಬಿಜೈ_ಬೆಕ್ಕು

ನೀನೂ ಬಾ.